ಹಿಲ್ಡಾ ಟೀಚರ ಮೂರನೇ ಕ್ಲಾಸು

ಕಳೆದ ವಾರ ನನ್ನ ಕೋಣೆಯ ಬಾಗಿಲಿಗೆ ಒಂದು ಬೋರ್ಡು ಬಂತು. ಇದು ಫ್ಲೆಕ್ಸ್ ಕಾಲ. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ನಮ್ಮ ಮುಖವನ್ನೂ ಸೇರಿಸಿಕೊಂಡು ಬಂದು ಗೋಡೆಯ ಮೇಲೆ ನಗುತ್ತದೆ. ಆದರೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ ಮರದ ಹಲಗೆಯ ಮೇಲೆ ಕೈಯಲ್ಲಿ ಬರೆದ ಅಕ್ಷರವೇ ಆಗಬೇಕು. ಹಾಗಾಗಿ ಹಸಿರು ಹಲಗೆ, ಅದರ ಮೇಲೆ ಬಿಳಿ ಅಕ್ಷರ: ‘ಸಂಗೀತ ವಿದ್ಯಾರ್ಥಿಗಳ ಉದ್ಯೋಗ ಮಾರ್ಗದರ್ಶನ ಕೇಂದ್ರ’. ಕೇಂದ್ರ ಎಂದ ಕೂಡಲೇ ನೀವು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಮೊನ್ನೆ ಮೊನ್ನೆಯವರೆಗೆ ಚರ್ಮ ಹರಿದ ತಬಲಾ, ತಂತಿ ಹೋದ ತಂಬೂರಿ ಪೇರಿಸಿಟ್ಟಿದ್ದ ಕೋಣೆ ಅದು. ಈಗ ಅಲ್ಲಿ ಒಂದು ಮೇಜು, ಕೆಲವು ಕುರ್ಚಿ, ತಿರುಗುವಾಗ ಕಾಗುಣಿತ ಹೇಳುವ ಒಂದು ಫ್ಯಾನು, ಮತ್ತು ಅದರ ಕೆಳಗೆ ಕೇಂದ್ರದ ಮುಖ್ಯಸ್ಥನಾಗಿ ನಾನು ಇದ್ದೇವೆ.

ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಷ್ಟರಲ್ಲಿ ಮೊದಲ ಗಿರಾಕಿ ಬಂದಳು. ಶ್ರಾವ್ಯ, ಕೊನೆಯ ವರ್ಷದ ಗಾಯನದ ಹುಡುಗಿ. ಅವಳು ಹಾಡಲು ಕೂತರೆ ಕಾರಿಡಾರಿನಲ್ಲಿ ಹೋಗುವ ಕಾಮರ್ಸ್ ಹುಡುಗರೂ ಚಪ್ಪಲಿಯ ಸದ್ದು ಕಡಿಮೆ ಮಾಡುತ್ತಾರೆ. ಆದರೆ ಹಾಡು ಮುಗಿಸಿ ಎದ್ದಳೋ, ತಾನು ಹುಟ್ಟಿದ್ದಕ್ಕೆ ಎಲ್ಲರಲ್ಲೂ ಕ್ಷಮೆ ಕೇಳುವವಳ ಹಾಗೆ ನಿಲ್ಲುತ್ತಾಳೆ. ಅವತ್ತೂ ಬಾಗಿಲಿನ ಹತ್ತಿರವೇ ನಿಂತು, “ಸರ್, ಪಡೀಲಿನ ಹತ್ತಿರ ಒಂದು ಶಾಲೆಯಲ್ಲಿ ಮ್ಯೂಸಿಕ್ ಟೀಚರ್ ಬೇಕಂತೆ. ಶುಕ್ರವಾರ ಇಂಟರ್‌ವ್ಯೂ ಉಂಟು. ಅಲ್ಲಿಯ ಹೆಡ್ ಮಿಸ್ ನಿಮಗೆ ಗೊತ್ತುಂಟಂತಲ್ಲ... ಒಂದು ಫೋನ್ ಮಾಡಿದ್ರೆ...” ಎಂದಳು. ಇದು ಆಗದಿದ್ದರೆ ಅತ್ತಾವರದ ಒಂದು ಆಸ್ಪತ್ರೆಯ ರಿಸೆಪ್ಶನ್‌ನಲ್ಲಿ ಕೂರಬೇಕು, ಅಕ್ಕ ಆಗಲೇ ಮಾತಾಡಿ ಇಟ್ಟಿದ್ದಾಳೆ ಎಂಬುದನ್ನೂ ಸೇರಿಸಿದಳು.

ನನಗೆ ಒಳಗೊಳಗೇ ಎಷ್ಟು ಖುಷಿ ಆಯಿತೆಂದರೆ ಕೇಳಬೇಡಿ. ಕೇಂದ್ರ ತೆರೆದ ಮರುದಿನವೇ ಉಪಕಾರ ಮಾಡುವ ಅವಕಾಶ! ಆ ಹೆಡ್ ಮಿಸ್ ನನಗೆ ಚೆನ್ನಾಗಿ ಗೊತ್ತು. ದೊಡ್ಡ ಮನುಷ್ಯನ ಠೀವಿಯಲ್ಲಿ ಮೊಬೈಲ್ ತೆಗೆದು, ಕನ್ನಡಕ ಏರಿಸಿ, ನಂಬರನ್ನೂ ಹುಡುಕಿದೆ. ಆಗ ಫ್ಯಾನಿನ ಗಾಳಿಗೆ ಬಾಗಿಲು ಸ್ವಲ್ಪ ತಿರುಗಿ, ಹಸಿ ಬಣ್ಣದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅದು ಅತ್ತಾವರದ ಒಂದು ಮನೆಯ ವಾಸನೆ. ಪ್ರತಿ ವರ್ಷ ಕ್ರಿಸ್ಮಸ್ ಬರುವ ಮೊದಲು ಆ ಮನೆಯ ಕಿಟಕಿಗಳಿಗೆ ಇದೇ ಹಸಿರು ಬಣ್ಣ ಬಳಿಯುತ್ತಿದ್ದರು. ನನ್ನ ಹೆಬ್ಬೆರಳು ಫೋನಿನ ಮೇಲೆ ಹಾಗೆಯೇ ನಿಂತಿತು. “ನಾಳೆ ಬಾ ಮಾರಾಯ್ತಿ, ಮಾತಾಡುವ” ಎಂದು ಶ್ರಾವ್ಯಳನ್ನು ಕಳಿಸಿದೆ. ಅವಳು ಸಪ್ಪೆ ಮುಖ ಮಾಡಿಕೊಂಡು ಹೋದಳು. ನೀವಾದರೂ ಸ್ವಲ್ಪ ಕೂತುಕೊಳ್ಳಿ. ಆ ಮನೆಯ ಸಂಗತಿ ಹೇಳುತ್ತೇನೆ.

ಅಲ್ಲಿಗೆ ಹೋಗುವ ಮೊದಲು ನನ್ನ ಮನೆಯನ್ನು ದಾಟಿ ಹೋಗಬೇಕು. ನಮ್ಮದು ಊದುವ ಮನೆ. ಅಜ್ಜ ನಾಗಸ್ವರ ಊದಿದವರು, ಅಪ್ಪ ಸ್ಯಾಕ್ಸೋಫೋನ್ ಊದಿದವರು. ಯುರೋಪಿನಲ್ಲಿ ಎಲ್ಲಿಯೋ ಹುಟ್ಟಿ, ಮಿಲಿಟರಿ ಬ್ಯಾಂಡಿನಲ್ಲಿ ಬೂಟು ಹಾಕಿಕೊಂಡು ನಡೆದ ವಾದ್ಯ, ನಮ್ಮ ಕರಾವಳಿಗೆ ಬಂದದ್ದೇ ಅಂಗಿ ಬಿಚ್ಚಿ, ಶಾಲು ಹೊದ್ದು, ದೇವರ ಬಲಿ ಉತ್ಸವದ ಮುಂದೆ ನಿಂತು ಕಲ್ಯಾಣಿ ರಾಗ ಹಾಡಿತು. ಹೊರಗಿನವರು ಬಂದರೆ ಆಶ್ಚರ್ಯಪಡುತ್ತಾರೆ. ನಮಗೆ ಸ್ಯಾಕ್ಸೋಫೋನ್ ಇಲ್ಲದ ಮದುವೆ ಎಂದರೇ ಆಶ್ಚರ್ಯ. ಚಿಕ್ಕಂದಿನಲ್ಲಿ ನಾನು ಅದನ್ನು ಅಪ್ಪಟ ತುಳುನಾಡಿನ ವಾದ್ಯವೆಂದೇ ತಿಳಿದಿದ್ದೆ. ಟೀವಿಯಲ್ಲಿ ಕೋಟು ಹಾಕಿದ ಒಬ್ಬ ಬಿಳಿಯ ಅದನ್ನು ಊದುವುದನ್ನು ಕಂಡು, “ಅಪ್ಪಾ, ಇವರ ಊರಿಗೂ ನಮ್ಮದು ಹೋಗಿದೆ!” ಎಂದು ಹೆಮ್ಮೆಯಿಂದ ಕೂಗಿದ್ದೆನಂತೆ. ನನ್ನ ಹೆಮ್ಮೆ ಅಂದಿನಿಂದಲೂ ಸ್ವಲ್ಪ ಅಡಿಪಾಯ ಇಲ್ಲದ್ದೇ.

ಅಪ್ಪ ನನಗೆ ಊದಲು ಕಲಿಸಿದರು. ಕಾಲೇಜಿಗೆ ಕಳಿಸಿದರು. ಸಂಗೀತದ ಪರೀಕ್ಷೆಗಳನ್ನು ಕಟ್ಟಿಸಿ ಪಾಸು ಮಾಡಿಸಿದರು. ಎಲ್ಲ ಮುಗಿದ ಮೇಲೆ, ಇನ್ನು ಇದನ್ನು ಬಿಟ್ಟುಬಿಡು ಎಂದರು! ಬಹರೈನಿನಲ್ಲಿದ್ದ ಮಾವ, ಅಂದರೆ ಅಮ್ಮನ ತಮ್ಮ, ಒಂದು ಸೂಪರ್ ಮಾರ್ಕೆಟ್ಟಿನ ಸ್ಟೋರಿನಲ್ಲಿ ನನಗೆ ಕೆಲಸ ನೋಡಿದ್ದರು. ನಾನು ಶಾಲೆಯಲ್ಲಿ ಸಂಗೀತ ಕಲಿಸುವ ಆಸೆ ಹೇಳಿದರೆ ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಸ್ಯಾಕ್ಸೋಫೋನನ್ನು ಬಟ್ಟೆಯಲ್ಲಿ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು: “ಎಲ್ಲರೂ ಊಟಕ್ಕೆ ಕೂತಾಗ ನಾವು ನಿಂತು ಊದುವುದು ಮಗಾ. ನನ್ನಪ್ಪನೂ ನಿಂತ, ನಾನೂ ನಿಂತೆ. ನೀನಾದರೂ ಕೂತು ಉಣ್ಣು.”

 ನಾನು ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಕಾಮರ್ಸಿನವರಿಗೆ ಕಂಪನಿಗಳು ಕಾರು ಮಾಡಿಕೊಂಡು ಬಂದು ಕೆಲಸ ಕೊಟ್ಟು ಹೋಗಿದ್ದವು. ಸಂಗೀತದವರಿಗೆ ಬಂದದ್ದು ಕಾಲೇಜು ಡೇಗೆ ಪ್ರಾರ್ಥನೆ ಹಾಡುವ ಕರೆ ಮಾತ್ರ. ಕಲಿತದ್ದನ್ನು ಇಟ್ಟುಕೊಂಡು ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಕೇಳುವಾಗ ಎಂತ ಹೇಳಬೇಕು, ಇದು ಯಾವ ಪಠ್ಯದಲ್ಲೂ ಇರಲಿಲ್ಲ.

ಗಲ್ಫಿಗೆ ಹೋಗುವವರ ವೈದ್ಯಕೀಯ ಪರೀಕ್ಷೆ ಅತ್ತಾವರದ ಒಂದು ಕ್ಲಿನಿಕ್ಕಿನಲ್ಲಿ. ಎದೆಯ ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ನನ್ನ ವಯಸ್ಸಿನದೇ ಒಬ್ಬ ಹುಡುಗ ಇದ್ದ, ರೋಶನ್ ಎಂದು. “ಉಸಿರು ಎಳ್ಕೊಳ್ಳಿ, ಹಾಗೇ ಹಿಡೀರಿ” ಎಂದು ಹೇಳಿ ಆಚೆ ಹೋದ. ಎಕ್ಸ್‌ರೇ ತೆಗೆದದ್ದೂ ಆಯಿತು. ಅಷ್ಟರಲ್ಲಿ ಯಾರೋ ಕರೆದರೆಂದು ಅವರ ಜೊತೆ ಮಾತಿಗೆ ನಿಂತ. ‘ಬಿಡಿ’ ಎಂದು ಹೇಳಲು ಮರೆತ. ನಾನು ಹಿಡಿದೇ ನಿಂತೆ. ಮರಳಿ ಬಂದವನು ನನ್ನನ್ನು ಕಂಡು ಹೌಹಾರಿದ.

“ಮಾರಾಯ್ರೆ, ಉಸಿರು ಬಿಡಿ! ಎಂತ ಮಾಡ್ತಿದ್ದೀರಿ?”

“ನೀವು ಬಿಡಿ ಅಂತ ಹೇಳ್ಲಿಲ್ಲ ಅಲ್ವಾ?”

“ಯೋಗ ಎಂತಾದ್ರೂ ಮಾಡ್ತೀರಾ?”

“ಇಲ್ಲ, ಸುಮ್ನೆ ಸ್ವಲ್ಪ ಸ್ಯಾಕ್ಸೋಫೋನ್ ಊದ್ತೇನೆ.”

“ಬಹರೈನಿಗೆ ಹೋಗೂದು ಅದನ್ನು ಊದ್ಲಿಕ್ಕಾ?”

“ಅಲ್ಲ. ಸ್ಟೋರಿನಲ್ಲಿ ಪೆಟ್ಟಿಗೆ ಇಡ್ಲಿಕ್ಕೆ.”

ರೋಶನ್ ಎಕ್ಸ್‌ರೇಯ ಫಿಲ್ಮನ್ನು ಬೆಳಕಿಗೆ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿದ. “ಪೆಟ್ಟಿಗೆ ಇಡ್ಲಿಕ್ಕೆ ಇಷ್ಟು ದೊಡ್ಡ ಎದೆ ಎಂತಕ್ಕೆ ಮಾರಾಯ್ರೆ?” ಎಂದ. ಆಮೇಲೆ ಕಿಟಕಿಯಿಂದ ಆಚೆ, ರಸ್ತೆಯ ಅಂಚಿನಲ್ಲಿದ್ದ ಹಂಚಿನ ಮನೆಯನ್ನು ತೋರಿಸಿದ. “ಅದು ನನ್ನ ಆಂಟಿಯ ಮನೆ. ಮ್ಯೂಸಿಕ್ ಕಲಿತು ಕೆಲಸ ಇಲ್ಲದವರೆಲ್ಲ ಶನಿವಾರ ಅಲ್ಲಿಗೆ ಬರ್ತಾರೆ. ಒಮ್ಮೆ ಹೋಗಿ ನೋಡಿ. ರಿಪೋರ್ಟ್ ಬರ್ಲಿಕ್ಕೆ ಹೇಗೂ ಟೈಮುಂಟು.”

ಹಾಗೆ ನಾನು ಆ ಹಸಿರು ಕಿಟಕಿಗಳ ಮನೆಗೆ ಹೋದೆ.

ಹಿಲ್ಡಾ ಟೀಚರ್ ಒಂದು ಕಾನ್ವೆಂಟ್ ಶಾಲೆಯಲ್ಲಿ ಬದುಕಿಡೀ ಸಂಗೀತ ಕಲಿಸಿ ನಿವೃತ್ತರಾದವರು. ಇಗರ್ಜಿಯ, ಅಂದರೆ ಚರ್ಚಿನ, ಗಾಯನ ತಂಡವನ್ನೂ ನಡೆಸಿದವರು. ಗಿಡ್ಡ ದೇಹ, ಕತ್ತರಿಸಿದ ಬಿಳಿ ಕೂದಲು, ಹೂವಿನ ಚಿತ್ರದ ಉದ್ದ ಗೌನು. ಮಾತು ಮಾತ್ರ ಮನೆಯ ಗೇಟಿನ ಆಚೆಗೂ ಕೇಳುವಷ್ಟು. ಮದುವೆ ಆಗಿರಲಿಲ್ಲ. ಹಾಲ್‌ನಲ್ಲಿ ಒಂದು ಹಳೆಯ ಪಿಯಾನೊ, ಅದರ ಮೇಲೆ ಮಾತೆ ಮರಿಯಳ ಮೂರ್ತಿ, ಮೂರ್ತಿಯ ಪಕ್ಕದಲ್ಲಿ ಯಾವಾಗಲೂ ಒಂದು ಡಬ್ಬಿ ರಸ್ಕ್. ನಾನು ಹೋದಾಗ ಅಲ್ಲಿ ಒಬ್ಬ ತಬಲಾದವನು, ಒಬ್ಬಳು ವಯಲಿನ್ ಹುಡುಗಿ, ಇನ್ನೂ ಒಂದಿಬ್ಬರು ಇದ್ದರು. ಎಲ್ಲರೂ ಶಿಕ್ಷೆಗೆ ಕಾಯುವವರ ಹಾಗೆ ಸಾಲಾಗಿ ಕೂತಿದ್ದರು.

“ನೀನು ಎಂತ ಮಾಡ್ತಿ ಪುತಾ?” ಎಂದರು. ಕೊಂಕಣಿಯಲ್ಲಿ ಮಗನನ್ನು ಕರೆಯುವ ಮಾತದು; ಅವರ ಬಾಯಿಯಲ್ಲಿ ಅದು ಮುದ್ದಿಗೂ ಬೈಗುಳಕ್ಕೂ ಒದಗುತ್ತಿತ್ತು.

“ಸುಮ್ನೆ ಸ್ವಲ್ಪ ಸ್ಯಾಕ್ಸೋಫೋನ್...”

“ನಿಲ್ಲಿಸು!” ಸಾಲಿನಲ್ಲಿದ್ದವರೆಲ್ಲ ಮುಸಿಮುಸಿ ನಕ್ಕರು. ಅವರೆಲ್ಲರಿಗೂ ಅದು ಆಗಿ ಹೋದದ್ದೇ ಇರಬೇಕು. “ಇಲ್ಲಿ ಪಕ್ಕದಲ್ಲಿ ಅಷ್ಟೂ ಡಾಕ್ಟರ್‌ಗಳು ಉಂಟಲ್ಲ, ಅವರಲ್ಲಿ ಯಾರಾದ್ರೂ ‘ನಾನು ಸುಮ್ನೆ ಸ್ವಲ್ಪ ಆಪರೇಶನ್ ಮಾಡ್ತೇನೆ’ ಅಂತ ಹೇಳ್ತಾರಾ? ಹೇಳಿದ್ರೆ ನೀನು ಹೊಟ್ಟೆ ಕೊಡ್ತೀಯಾ? ಎಷ್ಟು ವರ್ಷ ಕಲ್ತಿದ್ದಿ? ಯಾರ ಹತ್ರ? ಮಂಡೆ ಎತ್ತಿ ಹೇಳು. ಗೇಟಿನ ಹೊರಗೆ ಹೋಗು, ಇನ್ನೊಮ್ಮೆ ಒಳಗೆ ಬಾ.”

ನಾನು ಗೇಟಿನ ಹೊರಗೆ ಹೋಗಿ ಮತ್ತೆ ಬಂದೆ. ಮತ್ತೆ ಕಳಿಸಿದರು. ಕೊನೆಗೆ, “ನಾನು ಸ್ಯಾಕ್ಸೋಫೋನ್ ವಾದಕ. ನಮ್ಮ ಅಪ್ಪನ ಹತ್ತಿರ ಕಲ್ತಿದ್ದೇನೆ. ಮಕ್ಕಳಿಗೆ ಸಂಗೀತ ಕಲಿಸ್ತೇನೆ” ಎಂದು ಒಂದೇ ಉಸಿರಿಗೆ ಹೇಳಿದಾಗ, ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನರ್ಸುಗಳು ನಿಂತು ನೋಡಿದರು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ನಿಜ ಹೇಳುತ್ತೇನೆ, ಆ ಮಾತು ನನ್ನ ಕಿವಿಗೆ ಬಿದ್ದಾಗ ಅದು ಯಾರದೋ ಒಳ್ಳೆಯ ಸುದ್ದಿಯ ಹಾಗೆ ಕೇಳಿಸಿತು. ಟೀಚರ್ ಒಂದು ರಸ್ಕ್ ಕೊಟ್ಟರು.

ಆ ಮನೆಯ ನಿಜವಾದ ಪರೀಕ್ಷೆ ಬೇರೆ ಇತ್ತು. ಕೆಲಸಕ್ಕೆ ಹೊರಟವರು ಮೊದಲು ಹಿಲ್ಡಾ ಟೀಚರಿಗೆ ಪಾಠ ಮಾಡಬೇಕು. ಅವರು ಮೂರನೇ ಕ್ಲಾಸಿನ ಮಗು ಆಗುತ್ತಿದ್ದರು. ನಟನೆ ಎಂದುಕೊಳ್ಳಬೇಡಿ, ಆ ಹೊತ್ತಿಗೆ ಅವರು ಮೂರನೇ ಕ್ಲಾಸೇ. ಕಾಲು ಆಡಿಸುತ್ತಿದ್ದರು, ಪಕ್ಕದವರನ್ನು ಚಿವುಟುತ್ತಿದ್ದರು, ಸ್ವರ ಹೇಳಿಕೊಡುವಾಗ “ಟೀಚರ್, ಇವ ನನ್ನ ರಬ್ಬರ್ ತೆಗ್ದ” ಎಂದು ದೂರು ಕೊಡುತ್ತಿದ್ದರು. ತಬಲಾದವನು ಬೋಲು ಹೇಳಿಕೊಡುತ್ತಿದ್ದಾಗ ಎದ್ದು ನಿಂತು ‘ಒಂದಕ್ಕೆ’ ಎಂದು ಕಿರುಬೆರಳು ತೋರಿಸಿದರು. ಅವನು ಗಾಬರಿಯಾಗಿ, “ಬಾತ್‌ರೂಮ್ ನಿಮ್ಮದೇ ಮನೆಯಲ್ಲಿ ಉಂಟಲ್ಲ ಟೀಚರ್?” ಎಂದ. ಅವನು ಅವತ್ತು ಫೇಲು.

“ರಾಗ ನಿಮಗೆ ಗೊತ್ತುಂಟು. ಅದನ್ನು ನಾನು ಕೇಳುದೇ ಇಲ್ಲ,” ಎನ್ನುತ್ತಿದ್ದರು. “ಕೆಲಸ ಸಿಗೂದು ಸಿಗದೇ ಇರೂದು, ರಬ್ಬರ್ ಕಳೆದುಕೊಂಡ ಮಗುವಿನ ಎದುರು ನೀವು ಎಂತ ಮಾಡ್ತೀರಿ ಅಂತ ಅದರ ಮೇಲೆ ಉಂಟು.”

ಇಷ್ಟೆಲ್ಲ ಮಾಡುವವರು ಒಂದು ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಯಾರಿಗೂ ಶಿಫಾರಸು ಮಾಡುತ್ತಿರಲಿಲ್ಲ. ಊರಿನ ಅರ್ಧ ಶಾಲೆಗಳ ಹೆಡ್ ಮಿಸ್ಸುಗಳು ಅವರ ಶಿಷ್ಯೆಯರು. ಫೋನು ಪಿಯಾನೊದ ಪಕ್ಕದಲ್ಲೇ ಇತ್ತು. ವಯಲಿನ್ ಹುಡುಗಿ ಒಮ್ಮೆ ಧೈರ್ಯ ಮಾಡಿ ಕೇಳಿದಳು. “ನಾನು ಫೋನ್ ಮಾಡಿದ್ರೆ ಕೆಲಸ ಸಿಗ್ತದೆ,” ಎಂದರು ಟೀಚರ್, “ಆದ್ರೆ ಅದು ನನಗೆ ಸಿಕ್ಕಿದ ಕೆಲಸ ಆಗ್ತದೆ. ನೀನು ಅದರಲ್ಲಿ ಬಾಡಿಗೆಗೆ ಇದ್ದ ಹಾಗೆ.” ಆಗ ನನಗೆ ಈ ಮುದುಕಿಗೆ ಜಂಭ ಎನಿಸಿತ್ತು. ಇಷ್ಟು ಸಣ್ಣ ಸಹಾಯ ಮಾಡಲು ಇವರ ಗಂಟೇನು ಹೋಗುತ್ತದೆ ಎಂದು ರೋಶನ್ ಹತ್ತಿರವೂ ದೂರಿದ್ದೆ. ಆಗ ಅವನು ಹೇಳಿದ ಒಂದು ವಿಷಯವನ್ನು ನಿಮಗೂ ಹೇಳಬೇಕು.

ಟೀಚರ ಗಾಯನ ತಂಡದಲ್ಲಿ ಹಿಂದೆ ಒಬ್ಬಳು ಹುಡುಗಿ ಇದ್ದಳಂತೆ. ಅವಳು ಏರಿಸಿದ ಸ್ವರಕ್ಕೆ ಇಗರ್ಜಿಯ ಪಾರಿವಾಳಗಳೂ ಹಾರುವುದನ್ನು ಬಿಟ್ಟು ಕೂರುತ್ತಿದ್ದವು ಎಂದು ಟೀಚರೇ ಹೇಳುತ್ತಿದ್ದರು. ಮನೆಯವರು ನರ್ಸಿಂಗಿಗೆ ಹಾಕಿದರು, ಕುವೈತಿಗೆ ಹೋದಳು. ರಜೆಯಲ್ಲಿ ಊರಿಗೆ ಬಂದವಳನ್ನು ಟೀಚರ್ ಹಾಡಲು ಕರೆದರೆ, “ಈಗ ಬಚ್ಚಲಲ್ಲಿ ಮಾತ್ರ ಟೀಚರ್” ಎಂದು ನಕ್ಕಳಂತೆ. ನರ್ಸ್ ಆಗುವುದು ತಪ್ಪೆಂದು ಟೀಚರ್ ಎಂದೂ ಹೇಳಿದವರಲ್ಲ. ಅವರ ಸ್ವಂತ ತಂಗಿಯೇ ನರ್ಸು. ಆದರೆ ನಿನಗೆ ಹಾಡುವ ಕೆಲಸ ಬೇಕಾ ಎಂದು ಅವಳನ್ನು ಯಾರೂ ಕೇಳಲೇ ಇಲ್ಲ, ತಾನೂ ಕೇಳಲಿಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಶನಿವಾರದ ಕ್ಲಾಸು ಶುರುವಾದದ್ದು ಅದರ ನಂತರ. ಇದನ್ನು ಕೇಳಿದ ಮೇಲೆ ನಾನು ಜಂಭದ ಮಾತು ಬಿಟ್ಟೆ. ರಸ್ಕ್ ತಿನ್ನುವುದನ್ನು ಬಿಡಲಿಲ್ಲ.

ವೀಸಾ ಬಂತು. ಟಿಕೆಟ್ಟಿಗೆ ದಿನ ಗೊತ್ತು ಮಾಡಿ ಎಂದು ಮಾವ ಫೋನ್ ಮಾಡತೊಡಗಿದರು. ಅದೇ ಸಮಯಕ್ಕೆ ಕೂಳೂರಿನ ಸೇತುವೆಯ ಹತ್ತಿರದ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಬೇಕೆಂಬ ಸುದ್ದಿ ಸಿಕ್ಕಿತು. ನಾನೇ ಹೋಗಿ ಕೇಳಿದೆ, ನಾನೇ ಮಂಡೆ ಎತ್ತಿ ಹೇಳಿದೆ. ಬಂದು ಒಂದು ಕ್ಲಾಸು ಮಾಡಿ ತೋರಿಸಿ ಎಂದರು. ಅಪ್ಪನಿಗೆ ಹೇಳಿದಾಗ ಅವರು, “ಇದೊಂದು ನೋಡು. ಆಗದಿದ್ರೆ ಮತ್ತೆ ಮಾತಿಲ್ಲ, ಹೊರಡು” ಎಂದರು. ಆದೀತು ಎಂದೆ. ಹಾಗಾಗಿ ಅವತ್ತು ಬಸ್ಸಿನಲ್ಲಿ ತೊಡೆಯ ಮೇಲೆ ಸ್ಯಾಕ್ಸೋಫೋನಿನ ಪೆಟ್ಟಿಗೆ ಇಟ್ಟುಕೊಂಡು ಹೋಗುವಾಗ, ಇದನ್ನು ಊದುತ್ತಾ ಬದುಕುವುದೋ ಅಥವಾ ಅಟ್ಟಕ್ಕೆ ಹಾಕುವುದೋ ಎಂಬುದು ಆ ಒಂದು ಕ್ಲಾಸಿನ ಮೇಲೆ ನಿಂತಿತ್ತು. ಕಂಡಕ್ಟರ್ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟುತ್ತಾ, “ಒಳಗೆ ಎಂತ ಉಂಟು, ಮೀನಾ?” ಎಂದ. ಬೇರೆ ದಿನವಾದರೆ ನಗುತ್ತಿದ್ದೆ.

ನಾಲ್ಕನೇ ಕ್ಲಾಸಿನ ಮಕ್ಕಳು. ಹಿಂದಿನ ಗೋಡೆಗೆ ಒರಗಿ ಹೆಡ್ ಮಿಸ್ಟ್ರೆಸ್ ಸಿಸ್ಟರ್ ನಿಂತಿದ್ದರು. ಎತ್ತರದ, ಗಂಭೀರ ಸನ್ಯಾಸಿನಿ. ಮೊದಲು ಎಲ್ಲ ಚೆನ್ನಾಗಿ ನಡೆಯಿತು. ರಬ್ಬರ್ ಕಳೆದುಕೊಂಡ ಮಗು ಸಿಕ್ಕಿತು, ಸಮಾಧಾನ ಮಾಡಿದೆ. ಕಿರುಬೆರಳು ತೋರಿಸಿದವನನ್ನು ಹೊರಗೆ ಕಳಿಸಿದೆ. ಆಮೇಲೆ ಕಣ್ಣು ಅರ್ಧ ಮುಚ್ಚಿ, ಮೆಲ್ಲಗೆ ಮೋಹನ ರಾಗ ಊದಲು ತೊಡಗಿದೆ. ಮಕ್ಕಳಿಗೆ ಖುಷಿಯಾಗಿ ಗುಜುಗುಜು ಜೋರಾಯಿತು. ಅವರನ್ನು ಸುಮ್ಮನಿರಿಸಲೆಂದು ಹಿಂದಿನಿಂದ ಸಿಸ್ಟರ್ ಕೈ ಎತ್ತಿ, ತೋರುಬೆರಳನ್ನು ಆಚೆ ಈಚೆ ಅಲ್ಲಾಡಿಸಿದರು.

ನೀವು ನಮ್ಮ ಕಡೆಯ ಮದುವೆಗೆ ಬಂದಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಯೇ ಇಲ್ಲ. ತಾಳಿ ಕಟ್ಟುವ ಹೊತ್ತಿಗೆ ಭಟ್ಟರು ಮಾಡುವುದೂ ಇದನ್ನೇ. ಮಂತ್ರದ ನಡುವೆ ಬಾಯಿ ತೆರೆಯಲು ಪುರುಸೊತ್ತಿಲ್ಲದೆ, ಕೈ ಎತ್ತಿ ಬೆರಳು ಅಲ್ಲಾಡಿಸುತ್ತಾರೆ. ಕೂಡಲೇ ನಾವು ಊದುತ್ತಿದ್ದ ಕೀರ್ತನೆಯನ್ನು ಎಲ್ಲಿದೆಯೋ ಅಲ್ಲಿಯೇ ಬಿಟ್ಟು ಗಟ್ಟಿಮೇಳ ಊದಬೇಕು. ಯಾರಾದರೂ ಸೀನಿದ್ದು ವಧೂವರರ ಕಿವಿಗೆ ಬೀಳದಷ್ಟು ಜೋರಾಗಿ. ಗೇಣಿನಷ್ಟು ಎತ್ತರ ಇದ್ದಾಗಿನಿಂದ ಅಪ್ಪನ ಪಕ್ಕದಲ್ಲಿ ನಿಂತು ಕಲಿತ ವಿದ್ಯೆ. ಆ ಬೆರಳು ಕಣ್ಣಿಗೆ ಬಿದ್ದರೆ ಬುದ್ಧಿಯನ್ನು ಕೇಳಲಿಕ್ಕೇ ಇಲ್ಲ, ಎದೆಯೇ ನೇರವಾಗಿ ಊದುತ್ತದೆ.

ಊದಿತು. ಎಕ್ಸ್‌ರೇಯಲ್ಲಿ ರೋಶನ್ ಕಂಡ ಅಷ್ಟೂ ಎದೆ ಊದಿತು. ಗೋಡೆಯ ಮೇಲಿನ ಭೂಪಟ ಅಲ್ಲಾಡಿತು. ಪಕ್ಕದ ಕ್ಲಾಸಿನ ಟೀಚರ್ ಓಡಿ ಬಂದರು. ಮಕ್ಕಳು ಒಂದು ಕ್ಷಣ ಬೆರಗಾಗಿ, ಮರುಕ್ಷಣ ಬೆಂಚಿನ ಮೇಲೆ ಹತ್ತಿ ಕುಣಿಯತೊಡಗಿದರು. ಅವರಲ್ಲಿ ಒಬ್ಬ ಹುಡುಗ ಪುಸ್ತಕದ ಹಾಳೆ ಹರಿದು ಅಕ್ಷತೆಯ ಹಾಗೆ ಸಿಸ್ಟರ್ ಮೇಲೆ ಎರಚಿದ. ಸಿಸ್ಟರ್ ಗಾಬರಿಯಿಂದ ಬೆರಳನ್ನು ಇನ್ನೂ ಜೋರಾಗಿ ಅಲ್ಲಾಡಿಸಿದರು. ನಾನು ಇನ್ನೂ ಜೋರಾಗಿ ಊದಿದೆ. ಕೊನೆಗೆ ಅವರು ಕೈ ಕೆಳಗಿಳಿಸಿದಾಗಲೇ ನಾನು ನಿಲ್ಲಿಸಿದ್ದು. ಆಗ ಕಣ್ಣು ಪೂರ್ತಿ ತೆರೆದು ನೋಡಿದರೆ ತಾಳಿ ಇಲ್ಲ, ಮಂಟಪ ಇಲ್ಲ, ತಲೆವಸ್ತ್ರದ ಮೇಲೆ ಕಾಗದದ ಚೂರು ಬಿದ್ದ ಒಬ್ಬ ಸನ್ಯಾಸಿನಿ. “ತಿಳಿಸ್ತೇವೆ” ಎಂದರು ಸಿಸ್ಟರ್.

ಅಲ್ಲಿಂದ ನೇರ ಅತ್ತಾವರಕ್ಕೆ ಬಂದೆ. ಮನೆಗೆ ಹೋಗುವ ಮುಖ ಇರಲಿಲ್ಲ. ಟೀಚರ್ ಪೂರ್ತಿ ಕೇಳಿದರು. ಸಮಾಧಾನ ಹೇಳುತ್ತಾರೆಂದು ಕಾದೆ. ಅವರು ನಗಲು ತೊಡಗಿದರು. ಪಿಯಾನೊ ಹಿಡಿದುಕೊಂಡು ನಕ್ಕರು, ಗೌನಿನ ತುದಿಯಲ್ಲಿ ಕಣ್ಣೊರೆಸಿಕೊಂಡು ನಕ್ಕರು, “ಸಿಸ್ಟರ್‌ಗೆ ಮದುವೆ ಮಾಡಿಸಿದಿಯಲ್ಲ ಪುತಾ!” ಎಂದು ಮತ್ತೆ ನಕ್ಕರು. ನನಗೆ ಅಳು ಬಂತು. ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಕೇಳಿದರು:

“ಸಿಸ್ಟರ್ ಕೈ ಇಳಿಸಿದ ಕೂಡಲೇ ನೀನು ನಿಲ್ಲಿಸಿದಿ?”

“ಹೌದು.”

“ಮಕ್ಕಳು?”

ನೆನಪು ಮಾಡಿಕೊಂಡೆ. ಹೌದು, ನಾನು ನಿಲ್ಲಿಸಿದ ಕೂಡಲೇ ಮಕ್ಕಳೂ ಗಪ್‌ಚಿಪ್ ಆಗಿದ್ದರು. ಇನ್ನೊಮ್ಮೆ ಯಾವಾಗ ಎಂದು ಸಿಸ್ಟರ್ ಬೆರಳನ್ನೇ ನೋಡುತ್ತಿದ್ದರು, ಒಬ್ಬರೂ ಬಿಡದೆ.

“ಒಂದು ಕೈಯನ್ನೇ ಇಡೀ ಕ್ಲಾಸು ನೋಡುವ ಹಾಗೆ ಮಾಡ್ಲಿಕ್ಕೆ ನನಗೆ ಕಾನ್ವೆಂಟಿನಲ್ಲಿ ಒಂದು ವರ್ಷ ಹಿಡೀತಿತ್ತು,” ಎಂದರು ಟೀಚರ್. “ನೀನು ತಪ್ಪಿ ಮಾಡಿದಿ. ಇನ್ನು ಬೇಕಂತ ಮಾಡು. ಚಿಂತೆ, ಮಂಡೆಬೆಚ್ಚ ಎಲ್ಲ ಮಾಡ್ಬೇಡ. ಫೋನ್ ಅಲ್ಲುಂಟು.”

“ನೀವೇ ಒಂದು ಮಾತು ಹೇಳಿದ್ರೆ ಟೀಚರ್...”

ಅವರು ರಸ್ಕ್ ಡಬ್ಬಿಯ ಮುಚ್ಚಳ ಹಾಕಿದರು. ಅದಕ್ಕಿಂತ ದೊಡ್ಡ ಉತ್ತರ ಆ ಮನೆಯಲ್ಲಿ ಇರಲಿಲ್ಲ.

ನಾನೇ ಫೋನ್ ಮಾಡಿದೆ. ಸಿಸ್ಟರಿಗೆ ಮದುವೆಯ ಬೆರಳಿನ ಸಂಗತಿ ಪೂರ್ತಿ ಹೇಳಿದೆ.  ಆಚೆ ಕಡೆಯಿಂದ ಕೆಮ್ಮಿದ ಹಾಗೆ ಕೇಳಿಸಿತು. ಅದು ನಗುವೆಂದು ಆಗ ನನಗೆ ಗೊತ್ತಾಗಲಿಲ್ಲ. “ಇನ್ನೊಂದು ಕ್ಲಾಸು ಕೊಡಿ ಸಿಸ್ಟರ್. ಈ ಸಲ ನೀವು ಎದುರಿಗೆ ನಿಲ್ಲಬೇಕು” ಎಂದೆ. ಸೋಮವಾರ ಬನ್ನಿ ಎಂದರು.

ಸೋಮವಾರ ಸಿಸ್ಟರನ್ನು ಮಕ್ಕಳ ಎದುರು ನಿಲ್ಲಿಸಿದೆ. ಬೆರಳು ಎತ್ತಿದರೆ ಎಲ್ಲರೂ ಜೋರಾಗಿ, ಇಳಿಸಿದರೆ ಉಸಿರೂ ಕೇಳಬಾರದು, ಮೆಲ್ಲಗೆ ಎತ್ತಿದರೆ ಸ್ವರವೂ ಮೆಲ್ಲಗೆ ಏರಬೇಕು. ಸರಿಗಮಪ ಹಾಡುವ ಮಕ್ಕಳಿಗೆ ಅದು ಆಟ. ಸಿಸ್ಟರಿಗೆ ಅದಕ್ಕಿಂತ ದೊಡ್ಡ ಆಟ. ಬೆಲ್ ಹೊಡೆದರೂ ಅವರು ಬೆರಳು ಇಳಿಸಲೇ ಇಲ್ಲ. ಕೆಲಸ ನನಗೆ ಸಿಕ್ಕಿತು. ನನಗೆ, ಬೇರೆ ಯಾರಿಗೂ ಅಲ್ಲ. ಸೇತುವೆಯ ಮೇಲೆ ಬಸ್ಸಿನಲ್ಲಿ ಮರಳುವಾಗ ಕೆಳಗೆ ಗುರುಪುರ ನದಿ ಬಿಸಿಲಿಗೆ ಹೊಳೆಯುತ್ತಿತ್ತು. ಕಂಡಕ್ಟರನನ್ನು ನಾನೇ ಕರೆದು, “ಇದು ಮೀನಲ್ಲ, ಸ್ಯಾಕ್ಸೋಫೋನ್. ನಾನು ಈ ಶಾಲೆಯ ಮ್ಯೂಸಿಕ್ ಮಾಸ್ಟ್ರು” ಎಂದು ಹೇಳಿದೆ. ಪಾಪ, ಅವನು ಬೇರೆ ಬಸ್ಸಿನ ಕಂಡಕ್ಟರ್.

ಮಾವ ಒಂದಷ್ಟು ದಿನ ಮಾತು ಬಿಟ್ಟರು. ಅಪ್ಪ ಒಪ್ಪಿಯೂ ಒಪ್ಪಲಿಲ್ಲ. ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಅವರನ್ನು ಬಲವಂತವಾಗಿ ಕರೆದುಕೊಂಡು ಹೋದೆ. ಅವರು ಅಭ್ಯಾಸಬಲದಿಂದ ವೇದಿಕೆಯ ಪಕ್ಕ, ಡೋಲಿನವರು ನಿಲ್ಲುವ ಜಾಗ ಹುಡುಕಿ ನಿಂತರು. ಸಿಸ್ಟರೇ ಹೋಗಿ ಕೈ ಹಿಡಿದು ಕರೆತಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ನನ್ನ ಮಕ್ಕಳು ಹಾಡಿದರು. ನಾನು ಜೊತೆಗೆ ಊದಿದೆ. ಬದುಕಿಡೀ ಕೂತವರ ಎದುರು ನಿಂತು ಊದಿದ ಅಪ್ಪ, ಶಾಲು ತೊಡೆಯ ಮೇಲೆ ಇಟ್ಟುಕೊಂಡು, ಕೂತು ಕೇಳಿದರು. ಅವರ ಬಲಗೈ ಮಾತ್ರ ಸುಮ್ಮನಿರದೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಎಂತ ಹೇಳುತ್ತಾರೆ ಎಂದು ಹತ್ತಿರ ಹೋದೆ. “ಮಕ್ಕಳ ತಾಳ ಸ್ವಲ್ಪ ಓಡ್ತದೆ” ಎಂದರು. ಆಮೇಲೆ ತುಳುವಿನಲ್ಲಿ, ಬೇರೆ ಯಾರಿಗೂ ಕೇಳಿಸದ ಹಾಗೆ, “ಎಡ್ಡೆ ಆಂಡ್ ಮಗಾ” ಎಂದರು. ಒಳ್ಳೆಯದಾಯಿತು ಎಂದು. ಆ ಮಾತನ್ನು ಇವತ್ತಿಗೂ ನಾನು ಬೇಕಾದಾಗ ತೆಗೆದು ಕೇಳಿಕೊಳ್ಳುತ್ತೇನೆ. ಶಾಲೆಯಿಂದ ಮುಂದೆ ಈ ಕಾಲೇಜಿಗೂ ಬಂದ ನನಗೆ ಆಮೇಲೆ ಶಾಲು ಹೊದಿಸಿದವರಿದ್ದಾರೆ, ಹಾರ ಹಾಕಿದವರಿದ್ದಾರೆ. ಅವೆಲ್ಲ ಅಟ್ಟದಲ್ಲಿ ಎಲ್ಲಿಯೋ ಇವೆ.

ಹಿಲ್ಡಾ ಟೀಚರ್ ಈಗ ಇಲ್ಲ. ಕೊನೆಯ ದಿನಗಳಲ್ಲಿ ಅವರು ನಮ್ಮಲ್ಲಿ ಹಲವರಿಗೆ ಒಂದು ಅಪ್ಪಣೆ ಮಾಡಿದ್ದರು. “ನನ್ನ ಮರಣಕ್ಕೆ ಎಲ್ಲರೂ ರಜೆ ಹಾಕಿ ಬರಬೇಕು. ಸುಮ್ಮನೆ ಬಿಡುವುಂಟು ಅಂತ ಬಂದವರು ನನಗೆ ಬೇಡ. ರಜೆ ಹಾಕ್ಲಿಕ್ಕೆ ಕೆಲಸ ಇರಬೇಕಲ್ಲ!” ಅವತ್ತು ಇಗರ್ಜಿಯ ಅಂಗಳದಲ್ಲಿ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಂದು ಫೇಲಾಗಿದ್ದ ತಬಲಾದವನು ದೂರದ ಒಂದು ವಸತಿ ಶಾಲೆಯಿಂದ ರಜೆ ಹಾಕಿ ಬಂದಿದ್ದ. ವಯಲಿನ್ ಹುಡುಗಿ ರೆಕಾರ್ಡಿಂಗ್ ಒಂದನ್ನು ಮುಂದೆ ಹಾಕಿ ಬಂದಿದ್ದಳು. ನನಗೆ ಗುರುತಿಲ್ಲದ ಎಷ್ಟೋ ಮುಖಗಳು. ಕೇಳಿದವರೆಲ್ಲ, “ರಜೆ ಹಾಕಿ ಬಂದೆ” ಎಂದೇ ಹೇಳಿದರು, ಕಣ್ಣಲ್ಲಿ ನೀರಿಟ್ಟುಕೊಂಡು, ಎದೆ ಉಬ್ಬಿಸಿ. ಸಾವಿನ ಮನೆಯಲ್ಲಿ ಅಷ್ಟು ಹೆಮ್ಮೆಯಿಂದ ಅತ್ತವರನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾಳೆ ಬಾ ಎಂದು ಕಳಿಸಿದ್ದೆನಲ್ಲ, ಆ ಮರುದಿನ ಶ್ರಾವ್ಯ ಬಂದಳು. “ಫೋನ್ ಮಾಡಿದ್ರಾ ಸರ್?” ಎಂದಳು. ಮಾಡಿಲ್ಲ, ಮಾಡುವುದೂ ಇಲ್ಲ ಎಂದೆ. ಅವಳ ಮುಖ ಬಿದ್ದು ಹೋಯಿತು. ಹಿಂದೊಮ್ಮೆ ನಾನು ಟೀಚರ ಬಗ್ಗೆ ಅಂದುಕೊಂಡದ್ದನ್ನೇ ಅವಳೂ ನನ್ನ ಬಗ್ಗೆ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ನನ್ನ ಕುರ್ಚಿಯನ್ನು ಮೇಜಿನ ಹಿಂದಿನಿಂದ ಎಳೆದು ಕೋಣೆಯ ಮೂಲೆಗೆ ಹಾಕಿ, “ನಾನು ಈಗ ಮೂರನೇ ಕ್ಲಾಸು. ನೀನು ಟೀಚರ್. ಶುರು ಮಾಡು” ಎಂದೆ.

ಅವಳು ಸೆರಗು ಹಿಂಡುತ್ತಾ ಸಂಗೀತದ ಮೊದಲ ಪಾಠವಾದ ಸರಳೆ ಶುರು ಮಾಡಿದಳು. ಕಾಲು ಆಡಿಸಿದೆ. ಮೇಜಿನ ಮೇಲಿದ್ದ ಪೆನ್ನು ಕೆಳಗೆ ಬೀಳಿಸಿದೆ. ಅವಳು “ಸರ್, ಪ್ಲೀಸ್...” ಎಂದಳು. ಸರಿಗಮಕ್ಕೆ ಬದಲು ಬೆಕ್ಕಿನ ಹಾಗೆ ಕೂಗಿದೆ. ನನ್ನ ವಯಸ್ಸಿಗೆ, ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಓಡಾಡುವ ಹೊತ್ತಿಗೆ, ಅದು ಸುಲಭದ ಕೆಲಸವಲ್ಲ, ನೆನಪಿಡಿ. ಅವಳು ನಕ್ಕಳು, ನಾಚಿದಳು, ತಲೆ ತಗ್ಗಿಸಿದಳು. ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ.

ಆಗ ಶ್ರಾವ್ಯ ತಲೆ ಎತ್ತಿದಳು. ಬೆನ್ನು ನೆಟ್ಟಗಾಯಿತು. ಹಾಡುವಾಗ ಮಾತ್ರ ಹೊರಗೆ ಬರುವ ಆ ದನಿ, ಮೊದಲ ಸಲ ಮಾತಿನಲ್ಲಿ ಬಂತು.

“ಏಯ್! ಸಾಕು ನಿನ್ನದು. ಕೆಳಗೆ ಇಳಿ. ನಾನು ಟೀಚರ್ ಇಲ್ಲಿ. ಕೈ ಕಟ್ಟಿ ಕೂತ್ಕೋ!”

ಕಾರಿಡಾರಿನಲ್ಲಿ ಹೋಗುತ್ತಿದ್ದ ಯಾರದೋ ಚಪ್ಪಲಿಯ ಸದ್ದು ನಿಂತಿತು. ನಾನು ಇಳಿದೆ, ಕೈ ಕಟ್ಟಿದೆ, ಕೂತೆ.